ಫಿಲ್ಮಿನ ಅಂಚಿನಲ್ಲಿ ಉಳಿದ ಅಮೀರ್‌ಬಾಯಿಯ ಕಂಠ

ಕಂಪನಿ ನಾಟಕಗಳ ಕಾಲದ ಗಾಯಕನಟರು ಹೇಗೆ ಹಾಡುತ್ತಿದ್ದರೆಂಬುದನ್ನು ಕಣ್ಣಾರೆ ಕಾಣಬಯಸುವವರಿಗೆ ಕನ್ನಡದ ಮೊದಲ ಚಿತ್ರಗಳಿಂದ ದೊರಕುವುದು ಅತ್ಯಲ್ಪ. 1934ರಲ್ಲಿ ತೆರೆಕಂಡ ಮೊದಲ ವಾಕ್ಚಿತ್ರ ‘ಸತಿ ಸುಲೋಚನ’ದ ಒಂದು ಪ್ರತಿಯೂ ಉಳಿದಿಲ್ಲವಾದ್ದರಿಂದ, ರಂಗಭೂಮಿಯಿಂದ ಬಂದ ಸುಬ್ಬಯ್ಯನಾಯ್ಡು, ನಾಗೇಂದ್ರರಾಯರ ಆ ಅಭಿನಯವೂ ರೀಲುಗಳೊಂದಿಗೇ ಅಳಿದುಹೋಯಿತು. ಉತ್ತರ ಕರ್ನಾಟಕದ ರಂಗಗಾಯನದ ಒಂದು ದೊಡ್ಡ ಕಂಠ ಮಾತ್ರ ಮುಂಬಯಿಯ ಹಿಂದಿ ಚಿತ್ರಗಳಲ್ಲಿ ಉಳಿದಿದೆ. ಅದು ಬೀಳಗಿಯ ಅಮೀರ್‌ಬಾಯಿ ಕರ್ನಾಟಕಿಯವರದು.

ಆ ಕಂಠ ಕಲಬುರಗಿ ಸೀಮೆಗೂ ದೂರದ್ದಲ್ಲ. ಕಲಬುರಗಿಯೂ ಬೀದರ ದಾರಿಯ ಕಮಲಾಪುರವೂ 1948ರವರೆಗೆ ನಿಜಾಮರ ಆಳ್ವಿಕೆಯಲ್ಲಿದ್ದು, ಮನೆಮಾತು ಕನ್ನಡವಾದವರಿಗೂ ಬಜಾರಿನ ದಖನಿ, ಕಚೇರಿಯ ಉರ್ದು ಪರಿಚಿತವಾಗಿದ್ದುದರಿಂದ, ‘ಕಿಸ್ಮತ್’ (1943), ‘ರತನ್’ (1944) ಚಿತ್ರಗಳಲ್ಲಿ ಅಮೀರ್‌ಬಾಯಿ ಹಾಡಿದ ಹಾಡುಗಳ ಅರ್ಥವನ್ನು ಈ ಸೀಮೆಯವರಿಗೆ ಬಿಡಿಸಿ ಹೇಳಬೇಕಾಗಿರಲಿಲ್ಲ. ಮುಂಬಯಿಯ ಚಿತ್ರಲೋಕಕ್ಕೆ ಬಣ್ಣದ ರೂಪ ಕೊಟ್ಟವರಲ್ಲಿ ಒಬ್ಬರಾದ ಚಿತ್ರಕಲಾವಿದ ಎಸ್.ಎಂ. ಪಂಡಿತ್ ಅವರೂ ಕಲಬುರಗಿಯವರೇ.

‘ನರಸಿ ಭಗತ್’ನಂಥ (1940) ಚಿತ್ರಗಳಲ್ಲಿ ಅಮೀರ್‌ಬಾಯಿ ತಾವೇ ನಟಿಸಿ ಹಾಡಿದರು. ‘ಕಿಸ್ಮತ್’ನ ವೇಳೆಗೆ ಹಿನ್ನೆಲೆ ಗಾಯನ, ಅಂದರೆ ಮೊದಲೇ ಮುದ್ರಿಸಿದ ಹಾಡಿಗೆ ನಟಿ ತುಟಿಯಾಡಿಸುವ ಪದ್ಧತಿ, ನೆಲೆಗೊಂಡಿದ್ದರಿಂದ ಕಂಠ ಅವರದಾಗಿ ಮುಖ ಮುಮ್ತಾಜ್ ಶಾಂತಿಯವರದಾಯಿತು. ಚಿತ್ರಸಂಗೀತ ಇದರಿಂದ ಬೆಳೆಯಿತು, ನಿಜ; ಆದರೆ ರಂಗಗಾಯಕಿಯೊಬ್ಬಳು ಉಸಿರು ಹಿಡಿಯುವ ಬಗೆಯನ್ನೂ ಆಲಾಪದ ನಡುವಿನ ಕಣ್ಣಿನ ಚಲನೆಯನ್ನೂ ಅರಿಯಲು ಅದಕ್ಕೂ ಹಿಂದಿನ ಚಿತ್ರಗಳೇ ಬೇಕು. ಗ್ರಾಮಫೋನ್ ತಟ್ಟೆ ಇವನ್ನು ಕೊಡಲಾರದು.

ಫಿಲ್ಮಿನಲ್ಲಿ ದನಿ ಉಳಿಯುವ ಬಗೆಯೂ ಗಮನಾರ್ಹ. 35 ಮಿಲಿಮೀಟರ್ ಅಗಲದ ಸುರುಳಿಯಲ್ಲಿ ಚಿತ್ರದ ಚೌಕಟ್ಟಿಗೂ ಅಂಚಿನ ತೂತುಗಳಿಗೂ ನಡುವೆ ಕಿರಿದಾದ ಪಟ್ಟಿಯೊಂದಿದ್ದು, ಸ್ವರದ ಏರಿಳಿತ ಅದರಲ್ಲಿ ಕಪ್ಪು ಬಿಳುಪಿನ ಗೆರೆಯಾಗಿ ಮೂಡಿರುತ್ತದೆ. ಯಂತ್ರದಲ್ಲಿ ಆ ಗೆರೆಯನ್ನು ಹಾದುಹೋದ ಬೆಳಕು ವಿದ್ಯುತ್ತಾಗಿ, ಮತ್ತೆ ದನಿಯಾಗುತ್ತದೆ. ಚಿತ್ರಕ್ಕಿಂತ ಅದರ ದನಿಯನ್ನು ಸುಮಾರು 20 ಚೌಕಟ್ಟು ಮುಂದೆ ಮುದ್ರಿಸಿರುವುದರಿಂದ, ಹರಿದ ಫಿಲ್ಮನ್ನು ಕತ್ತರಿಸಿ ಅಂಟಿಸಿದ ಕಡೆ ಮೊದಲು ಮುಖ ಜಿಗಿಯುತ್ತದೆ, ಸೆಕೆಂಡಿಗೂ ಕಡಿಮೆ ಅಂತರದಲ್ಲಿ ಹಾಡು ತುಂಡಾಗುತ್ತದೆ. ಅಂದಿನ ಫಿಲ್ಮುಗಳ ಆಧಾರವಸ್ತುವಾದ ನೈಟ್ರೇಟ್ ಬಹುಬೇಗ ಬೆಂಕಿ ಹಿಡಿಯುವಂಥದು; ಬೆಂಕಿಗೆ ಸಿಗದ ಎಷ್ಟೋ ಸುರುಳಿಗಳನ್ನು ಅವುಗಳಲ್ಲಿದ್ದ ಬೆಳ್ಳಿಗಾಗಿ ಕರಗಿಸಲಾಯಿತು.

ಉಳಿದ ಸುರುಳಿಗಳನ್ನು ಕಾಪಾಡಲು ಪುಣೆಯಲ್ಲಿ ರಾಷ್ಟ್ರೀಯ ಚಲನಚಿತ್ರ ಸಂಗ್ರಹಾಲಯ ಆರಂಭವಾದದ್ದು 1964ರಲ್ಲಿ. ಮರುವರ್ಷದ ಮಾರ್ಚಿನಲ್ಲೇ ಅಮೀರ್‌ಬಾಯಿ ತೀರಿಕೊಂಡರು. ಅವರ ಬಾಳನ್ನು ರಹಮತ್ ತರೀಕೆರೆಯವರು ಕನ್ನಡದಲ್ಲಿ ಪುಸ್ತಕವಾಗಿಸಿದ್ದಾರೆ. ಅದನ್ನು ಓದಿದವರಿಗೆ ಅಮೀರ್‌ಬಾಯಿ ಹಾಡುವ ದೃಶ್ಯಗಳೂ ಕಾಣಸಿಗಬೇಕು; ಕಲಬುರಗಿಯಲ್ಲಿ ಎಸ್.ಎಂ. ಪಂಡಿತರ ಹೆಸರಿನ ರಂಗಮಂದಿರವೇ ಇರುವಾಗ, ಅವನ್ನು ಅಲ್ಲಿ ತೋರಿಸಲು, ಕಮಲಾಪುರದ ಶಾಲೆಗಳಿಗೂ ಒಯ್ಯಲು ಯಾವ ಅಡ್ಡಿಯೂ ಕಾಣುವುದಿಲ್ಲ.