ಮೋಟಾರಿನ ಮೈಮೇಲಿನ ತಗಡು

ಹಿಟ್ಟಿನ ಗಿರಣಿಯ ಮೋಟಾರು ಸುಟ್ಟುಹೋದಾಗ ಅಂಗಡಿಯಲ್ಲಿ ಸಾಮಾನ್ಯವಾಗಿ ಎರಡೇ ಮಾತು ನಡೆಯುತ್ತದೆ: ಎಷ್ಟು ಎಚ್‌ಪಿ, ಎಷ್ಟು ಬೆಲೆ. ಹೊಸ ಮೋಟಾರು ಹಳೆಯ ಜಾಗದಲ್ಲಿ ಕೂರುತ್ತದೆಯೇ, ಎಷ್ಟು ಕಾಲ ಬಾಳುತ್ತದೆ, ಎಷ್ಟು ಕರೆಂಟು ತಿನ್ನುತ್ತದೆ ಎಂಬುದೆಲ್ಲ ಬರೆದಿರುವುದು ಅದರ ಮೈಗೆ ಬಡಿದ ಅಂಗೈಯಗಲದ ನೇಮ್‌ಪ್ಲೇಟಿನಲ್ಲಿ. ಅದನ್ನು ಓದುವವರೇ ಕಡಿಮೆ.

10 ಎಚ್‌ಪಿ, ಅಂದರೆ 7.5 ಕಿಲೋವ್ಯಾಟಿನ, ನಾಲ್ಕು ಪೋಲಿನ ತ್ರೀಫೇಸ್ ಮೋಟಾರನ್ನೇ ನೋಡೋಣ. ಅದರ ಫ್ರೇಮ್ ಸಾಮಾನ್ಯವಾಗಿ '132ಎಂ'. ಪಾದದಿಂದ ಶಾಫ್ಟಿನ ನಡುಮಧ್ಯಕ್ಕೆ 132 ಮಿಲಿಮೀಟರ್ ಎಂದು ಅದರರ್ಥ. ಬೋಲ್ಟಿನ ತೂತುಗಳ ನಡುವಿನ ಅಂತರ ಅಡ್ಡಕ್ಕೆ 216, ಉದ್ದಕ್ಕೆ 178 ಮಿ.ಮೀ., ಶಾಫ್ಟಿನ ದಪ್ಪ 38. ಯಾವ ಕಂಪನಿಯದನ್ನು ತಂದರೂ ಇವಿಷ್ಟು ಬದಲಾಗುವುದಿಲ್ಲ. 1906ರಲ್ಲಿ ಲಂಡನ್ನಿನಲ್ಲಿ ಹುಟ್ಟಿದ ಐಇಸಿ ಎಂಬ ಅಂತರರಾಷ್ಟ್ರೀಯ ವಿದ್ಯುತ್ ಮಾನಕ ಸಂಸ್ಥೆ ಬೆಳೆಸಿದ ಶಿಸ್ತು ಇದು. ನಮ್ಮ ಐಎಸ್ ಮಾನಕಗಳೂ ಅದೇ ದಾರಿಯವು. ಅಮೆರಿಕದವರದು ಬೇರೆ ಪದ್ಧತಿ, ಇಂಚಿನ ಲೆಕ್ಕ. ಅವರ 10 ಎಚ್‌ಪಿಯ '215ಟಿ' ಫ್ರೇಮಿನ ಬೋಲ್ಟುಗಳು ನಮ್ಮ ತೂತುಗಳಿಗೆ ಹೆಚ್ಚುಕಡಿಮೆ ಕೂರುತ್ತವೆ. ಆದರೆ ಎತ್ತರ ಐದೂಕಾಲು ಇಂಚು, ಅಂದರೆ ಒಂದೂವರೆ ಮಿಲಿಮೀಟರಿನಷ್ಟು ಜಾಸ್ತಿ. ಶಾಫ್ಟು ಮೂರು ಮಿಲಿಮೀಟರ್ ಸಣ್ಣ. ಅಷ್ಟು ಸಾಕು, ಕಪ್ಲಿಂಗ್ ಹೊಂದುವುದಿಲ್ಲ.

ನನ್ನ ಮಟ್ಟಿಗೆ ತಗಡಿನ ಮೇಲಿನ ಅತಿ ಮುಖ್ಯ ಅಕ್ಷರ ಇನ್ಸುಲೇಷನ್ನಿನ ದರ್ಜೆ. 'ಎಫ್' ಎಂದಿದ್ದರೆ ವೈಂಡಿಂಗಿನ ಹೊದಿಕೆ 155 ಡಿಗ್ರಿ ಸೆಲ್ಸಿಯಸ್ ತಡೆಯುತ್ತದೆ. 'ಬಿ' ಆದರೆ 130. ಈ 155ರ ಲೆಕ್ಕ ಹೀಗೆ: ಸುತ್ತಲಿನ ಗಾಳಿಗೆ 40, ಮೋಟಾರು ಓಡುವಾಗ ಏರುವ ಬಿಸಿಗೆ 105, ವೈಂಡಿಂಗಿನ ಒಳಗೆಲ್ಲೋ ಹೆಚ್ಚು ಕಾಯುವ ಜಾಗಕ್ಕೆಂದು 10. ಮಿತಿ ಮೀರಿ ಕಾಯುವ ಪ್ರತಿ ಹತ್ತು ಡಿಗ್ರಿಗೆ ಹೊದಿಕೆಯ ಆಯಸ್ಸು ಸುಮಾರು ಅರ್ಧವಾಗುತ್ತದೆಂಬುದು ಎಂಜಿನಿಯರುಗಳ ಹಳೆಯ ಅಂದಾಜು. ರಾಯಚೂರಿನ ಬೇಸಿಗೆ 40 ಡಿಗ್ರಿ ದಾಟುತ್ತದೆ. ಊರಿನ ಎತ್ತರಕ್ಕೂ ಮಾನಕದಲ್ಲಿ ಮಿತಿಯಿದೆ: ಸಮುದ್ರಮಟ್ಟದಿಂದ 1000 ಮೀಟರ್. ಮಡಿಕೇರಿ ಅದಕ್ಕಿಂತ ಮೇಲಿದೆ, ಅಲ್ಲಿನ ತೆಳುಗಾಳಿ ಮೋಟಾರನ್ನು ಅಷ್ಟಾಗಿ ತಣಿಸದು. ಇಂಥ ಕಡೆ ಪೂರ್ತಿ ಲೋಡು ಹಾಕುವ ಮೊದಲು ಯೋಚಿಸಬೇಕು.

'ಐಪಿ55'ರ ಮೊದಲ ಐದು ದೂಳಿನಿಂದ ರಕ್ಷಣೆ, ಎರಡನೆಯದು ನೀರಿನ ಎರಚಲಿನಿಂದ. ಹಿಟ್ಟು ಹಾರುವ ಗಿರಣಿಗೆ ಇದು ಬೇಕೇಬೇಕು. 'ಎಸ್1' ಎಂದರೆ ಬಿಡುವಿಲ್ಲದೆ ಓಡಿಸಬಹುದು.

ಇನ್ನು ದಕ್ಷತೆ. ಇದೇ ಮೋಟಾರು 'ಐಇ1' ದರ್ಜೆಯದಾದರೆ ದಕ್ಷತೆ ಶೇ. 86, 'ಐಇ3' ಆದರೆ 90.4. ಪೂರ್ತಿ ಲೋಡಿನಲ್ಲಿ ದಿನಕ್ಕೆ ಎಂಟು ಗಂಟೆಯಂತೆ ವರ್ಷಕ್ಕೆ 300 ದಿನ ಓಡಿಸಿದರೆ ಸಾವಿರ ಯೂನಿಟ್ಟಿಗೂ ಹೆಚ್ಚು ಉಳಿತಾಯ. ಕೊಳ್ಳುವಾಗಿನ ಬೆಲೆಯೊಂದನ್ನೇ ನೋಡುವವರ ಕಣ್ಣಿಗೆ ಇದು ಬೀಳುವುದಿಲ್ಲ.

ಇಷ್ಟೆಲ್ಲ ಮಾಹಿತಿಯ ಮೇಲೆ ಪೇಂಟು ಬಳಿದುಬಿಡುವುದನ್ನು ಕಂಡರೆ ಸಂಕಟವಾಗುತ್ತದೆ. ರಿವೈಂಡಿಂಗಿಗೆ ಕೊಡುವ ಮೊದಲು ತಗಡಿನ ಫೋಟೋ ತೆಗೆದಿಟ್ಟುಕೊಳ್ಳಿ. 'ಎಫ್' ಇದ್ದ ಮೋಟಾರಿಗೆ 'ಎಫ್' ದರ್ಜೆಯ ಸಾಮಾನನ್ನೇ ಹಾಕಿಕೊಡುವಂತೆ ಬಾಯಿಬಿಟ್ಟು ಕೇಳಿ, ಬಿಲ್ಲಿನಲ್ಲೂ ಬರೆಸಿಕೊಳ್ಳಿ.