ಮಾಳಿಗೆಯ ಮೇಲಿಂದ ಮರುಭೂಮಿಗೆ

ಶ್ರಾವಣದ ಮಳೆ ಬೆಳಗಾವಿಯನ್ನು ಹಿಡಿದುಕೊಂಡಿತೆಂದರೆ ಬೇಗನೆ ಬಿಡದು. ಖಾನಾಪುರದ ಕಾಡಿನ ಕಡೆಯಿಂದ ಮೋಡ ಬಂದು ಕವಿದ ಮೇಲೆ ರವಿವಾರ ಪೇಟೆಯ ಓಣಿಗಳಲ್ಲಿ ಕೊಡೆಗಳ ಹೊರತು ಬೇರೇನೂ ಕಾಣದು. ಅಂಗಡಿಗಳ ಮುಂದಿನ ಚೀಲಗಳೆಲ್ಲ ತಾಡಪತ್ರಿಯ ಕೆಳಗೆ ಸೇರುವುವು. ಒಗೆದ ಬಟ್ಟೆ ಮೂರು ದಿನವಾದರೂ ಆರದು. ಇಂತಹ ಒಂದು ರವಿವಾರ ಮಧ್ಯಾಹ್ನ ನಾವು ಮನೆಮಂದಿಯೆಲ್ಲ ಮಾಳಿಗೆಯ ಕೋಣೆಯಲ್ಲಿ ಕುಳಿತು ಅರಬಸ್ತಾನದ ಮರುಭೂಮಿಯ ಮೇಲೆ ಹಾರುತ್ತಿದ್ದೆವೆಂದರೆ ವಾಚಕರು ನಗಬಹುದು. ಅದರಲ್ಲಿ ಎಷ್ಟು ನಿಜ, ಎಷ್ಟು ಹುಸಿ ಎಂಬುದನ್ನು ತಿಳಿಯಲು ನಮಗೇ ಮೂರು ರವಿವಾರಗಳು ಹಿಡಿದವು.

ನಮ್ಮ ಅಣ್ಣನ ಮಗನು ತನ್ನ ಕಂಪ್ಯೂಟರಿನಲ್ಲಿ ಫ್ಲೈಟ್ ಸಿಮ್ಯುಲೇಟರ್ ಎಂಬುದನ್ನು ಇಟ್ಟುಕೊಂಡಿರುವನು. ಹುಡುಗರ ಆಟವೆಂದು ನಾವು ಬಹುಕಾಲ ಅದರತ್ತ ಕಣ್ಣೆತ್ತಿಯೂ ನೋಡಿರಲಿಲ್ಲ. ಆದರೆ ಅದರ ಹುಟ್ಟು ಆಟದಲ್ಲಿ ಆದುದಲ್ಲ. ಅಮೆರಿಕೆಯಲ್ಲಿ ಆರ್ಗನ್ ವಾದ್ಯಗಳನ್ನು ತಯಾರಿಸುವ ಮನೆತನದ ಎಡ್ವಿನ್ ಲಿಂಕ್ ಎಂಬವನು ವಾದ್ಯದ ತಿದಿಗಳನ್ನೇ ಬಳಸಿಕೊಂಡು, ನೆಲದ ಮೇಲೆ ನಿಂತಲ್ಲಿಯೇ ವಾಲುವ, ತಿರುಗುವ ಒಂದು ಪುಟ್ಟ ವಿಮಾನವನ್ನು ೧೯೨೯ರಲ್ಲಿ ಸಿದ್ಧಪಡಿಸಿದನು. ಮೊದಮೊದಲು ಅದು ಜಾತ್ರೆಯ ತೊಟ್ಟಿಲಿನಂತೆ ಬಳಕೆಯಾಯಿತು. ೧೯೩೪ರಲ್ಲಿ ಅಲ್ಲಿಯ ಸೈನಿಕ ವೈಮಾನಿಕರು ಕೆಟ್ಟ ಹವೆಯಲ್ಲಿ ಟಪಾಲು ಸಾಗಿಸಹೋಗಿ ಒಬ್ಬರ ಮೇಲೊಬ್ಬರು ಪ್ರಾಣ ನೀಗಿದಾಗ ಸರಕಾರವು ಎಚ್ಚತ್ತು ಲಿಂಕನ ಯಂತ್ರಗಳನ್ನು ಕೊಂಡಿತು. ಮನೆಯ ಕಂಪ್ಯೂಟರಿಗೆ ಈ ವಿದ್ಯೆಯನ್ನು ತಂದವನು ಬ್ರೂಸ್ ಆರ್ಟ್‌ವಿಕ್. ಅವನ ಕೃತಿಯೇ ೧೯೮೨ರಲ್ಲಿ ಮೈಕ್ರೋಸಾಫ್ಟ್ ಕಂಪನಿಯ ಹೆಸರಿನಲ್ಲಿ ಹೊರಬಿದ್ದಿತು. ೨೦೨೦ರ ಆವೃತ್ತಿಯಿಂದೀಚೆಗಂತೂ ಉಪಗ್ರಹಗಳು ತೆಗೆದ ಭೂಮಿಯ ಚಿತ್ರವೇ ಇಂಟರ್ನೆಟ್ಟಿನ ಮೂಲಕ ಹರಿದುಬಂದು ವಿಮಾನದ ಕೆಳಗೆ ಹಾಸಿಕೊಳ್ಳುವುದು. ಅದಕ್ಕೆ ಬೇಕಾಗುವ ಕಂಪ್ಯೂಟರಿನ ಬೆಲೆಯನ್ನು ಕೇಳಿದರೆ ಗೃಹಸ್ಥನಿಗೆ ತಲೆ ತಿರುಗೀತು. ಆದರೆ ಫ್ಲೈಟ್‌ಗೇರ್ ಎಂಬ, ಬಿಡಿಗಾಸು ಬೇಡದ ಬೇರೊಂದು ತಂತ್ರಾಂಶವೂ ಉಂಟು.

ವಿಮಾನಗಳ ಪಟ್ಟಿಯಲ್ಲಿ ನಾವು ಆರಿಸಿದುದು ಡಗ್ಲಸ್ ಡಿ.ಸಿ.-೩, ಎಂದರೆ ನಮ್ಮವರು ಡಕೋಟಾ ಎಂದು ಕರೆದ ವಿಮಾನ. ಅದು ಮೊದಲು ಹಾರಿದುದು ೧೯೩೫ರ ಡಿಸೆಂಬರ್ ೧೭ರಂದು. ಎರಡು ಎಂಜಿನ್ನು, ಇಪ್ಪತ್ತೊಂದು ಪ್ರಯಾಣಿಕರು, ಬಾಲದ ಕೆಳಗೊಂದು ಚಿಕ್ಕ ಗಾಲಿ. ನೆಲದ ಮೇಲೆ ನಿಂತಾಗ ಮೂಗು ಆಕಾಶ ನೋಡುತ್ತಿರುವುದರಿಂದ ಚಾಲಕನಿಗೆ ಎದುರಿನ ದಾರಿಯೇ ಕಾಣದು. ಕನ್ನಡ ನಾಡಿಗೆ ಇದು ಪರಕೀಯವಲ್ಲ. ಎರಡನೆಯ ಮಹಾಯುದ್ಧದ ಕಾಲದಲ್ಲಿ ಬೆಂಗಳೂರಿನ ಹಿಂದುಸ್ತಾನ್ ವಿಮಾನ ಕಾರ್ಖಾನೆಯಲ್ಲಿ ಈ ಜಾತಿಯ ವಿಮಾನಗಳ ದುರಸ್ತಿ ನಡೆಯುತ್ತಿತ್ತು. ಇನ್ನೂ ಇತ್ತೀಚಿನ ಒಂದು ಸಂಗತಿಯುಂಟು. ಕರ್ನಾಟಕದಿಂದ ರಾಜ್ಯಸಭೆಯ ಸದಸ್ಯರಾಗಿದ್ದ ರಾಜೀವ್ ಚಂದ್ರಶೇಖರ್ ಅವರು, ವಾಯುಸೇನೆಯಲ್ಲಿ ಡಕೋಟಾ ನಡೆಸಿದ್ದ ತಮ್ಮ ತಂದೆಯವರ ಗೌರವಾರ್ಥವಾಗಿ, ಹಳೆಯ ಡಕೋಟಾ ಒಂದನ್ನು ಇಂಗ್ಲೆಂಡಿನಲ್ಲಿ ಜೀರ್ಣೋದ್ಧಾರ ಮಾಡಿಸಿ ಭಾರತೀಯ ವಾಯುಸೇನೆಗೆ ಅರ್ಪಿಸಿದರು. ‘ಪರಶುರಾಮ’ನೆಂಬ ಹೆಸರಿನ ಆ ವಿಮಾನವು ೨೦೧೮ರ ಏಪ್ರಿಲಿನಲ್ಲಿ ಜೋರ್ಡಾನ್, ಸೌದಿ ಅರೇಬಿಯ, ಬಹರೈನ್, ಓಮಾನ್‌ಗಳ ಮೇಲೆ ಹಾರಿ ಜಾಮನಗರದಲ್ಲಿ ಭಾರತದ ನೆಲವನ್ನು ಮುಟ್ಟಿತು. ಅದರ ಮೈಮೇಲಿನ ವಿ.ಪಿ. ೯೦೫ ಎಂಬ ಸಂಖ್ಯೆಯು ೧೯೪೭ರ ಅಕ್ಟೋಬರ್ ೨೭ರಂದು ಶ್ರೀನಗರದಲ್ಲಿ ಸೈನಿಕರನ್ನಿಳಿಸಿದ ಡಕೋಟಾದ್ದು. ಈ ವೃತ್ತಾಂತವನ್ನು ಕೇಳಿದಂದಿನಿಂದ ಹುಡುಗನಿಗೆ ಆ ಮರುಭೂಮಿಯ ದಾರಿಯ ಹುಚ್ಚು ಹಿಡಿದಿತ್ತು.

ದಾರಿಯೇನೋ ಇನ್ನೂ ಹಳೆಯದು. ಬ್ರಿಟಿಷರ ವಾಯುಸೇನೆಯು ೧೯೨೧ರಲ್ಲಿ ಕೈರೋದಿಂದ ಬಾಗ್ದಾದಿಗೆ ಟಪಾಲು ಒಯ್ಯಲಾರಂಭಿಸಿತು. ಗುರುತಿಗೆ ಒಂದು ಗಿಡವಾಗಲಿ ಹಳ್ಳಿಯಾಗಲಿ ಇಲ್ಲದ ಆ ಬಯಲಿನಲ್ಲಿ ವೈಮಾನಿಕನು ದಾರಿ ಹಿಡಿಯುವುದೆಂತು? ಮೋಟಾರುಗಳನ್ನು ಓಡಿಸಿ ಅವುಗಳ ಗಾಲಿಯ ಗುರುತನ್ನೇ ದಾರಿಯಾಗಿಸಿದರು. ಗಾಲಿಯ ಗುರುತು ನಿಲ್ಲದ ಕಡೆ ನೇಗಿಲಿನಿಂದ ಸಾಲು ಹೊಡೆದರು. ಅಲ್ಲಲ್ಲಿ ಇಳಿಯುವ ತಾಣಗಳನ್ನು ಗೊತ್ತುಮಾಡಿ ಅಕ್ಷರವನ್ನೋ ಅಂಕೆಯನ್ನೋ ಬರೆದಿಟ್ಟರು. ಬಿತ್ತುವುದಕ್ಕಲ್ಲದೆ ಆಕಾಶದಲ್ಲಿ ಹೋಗುವವನ ಸಲುವಾಗಿ ನೇಗಿಲು ಹೂಡಿದುದನ್ನು ನಾವು ಬೇರೆಲ್ಲಿಯೂ ಕೇಳಿಲ್ಲ. ೧೯೨೯ರಲ್ಲಿ ಲಂಡನ್-ಕರಾಚಿ ವಿಮಾನ ಸಂಚಾರವು ಆರಂಭವಾದಾಗ ಅದು ಈ ಮರುಭೂಮಿಯ ಮೇಲೆಯೇ ಸಾಗಿತು.

ನಾವು ಹೊರಟುದು ಅಮ್ಮಾನಿನ ಹಳೆಯ ನಿಲ್ದಾಣವಾದ ಮಾರ್ಕಾದಿಂದ. ಹುಡುಗನು ಒಂದು ಕರಾರು ಹಾಕಿದನು: ನಕಾಶೆಯ ಗುಂಡಿಯನ್ನು ಒತ್ತತಕ್ಕದ್ದಲ್ಲ; ದಿಕ್ಸೂಚಿ ಮತ್ತು ಗಡಿಯಾರ, ಇವೆರಡೇ ಆಧಾರ; ಗಾಳಿ ಮಾತ್ರ ಆ ದಿನ ಅಲ್ಲಿ ನಿಜವಾಗಿ ಬೀಸುತ್ತಿರುವುದೇ ಇರತಕ್ಕದ್ದು. ಹವಾಮಾನದ ಲೆಕ್ಕಗಳನ್ನು ಈ ಯಂತ್ರವು ತಾನಾಗಿ ತರಿಸಿಕೊಳ್ಳುವುದು. ಅಲ್ಲಿಂದ ರುತ್ಬಾ ಎಂಬ ಊರಿಗೆ ಸುಮಾರು ೪೨೫ ಕಿಲೋಮೀಟರು. ಡಕೋಟಾದ ವೇಗ ತಾಸಿಗೆ ೨೭೦ರ ಆಸುಪಾಸು. ಆದುದರಿಂದ ಒಂದೂವರೆ ತಾಸಿನ ಮೇಲೆ ಐದು ನಿಮಿಷಕ್ಕೆ ರುತ್ಬಾ ಕಾಣಬೇಕೆಂದು ಕಾಗದದ ಮೇಲೆ ಬರೆದಿಟ್ಟೆವು. ಕಾದ ಗಾಳಿ ತೆಳುವಾಗಿರುವುದರಿಂದ ರೆಕ್ಕೆಗೆ ಹಿಡಿತ ಸಾಲದೆ ವಿಮಾನವು ಬಹುದೂರ ಓಡಿದ ಮೇಲೆಯೇ ನೆಲ ಬಿಟ್ಟಿತು.

ಮರುಭೂಮಿಯೆಂದರೆ ಹಳದಿ ಮರಳಿನ ದಿಬ್ಬಗಳೆಂದು ನಾವು ತಿಳಿದಿದ್ದೆವು. ಜೋರ್ಡಾನಿನ ಪೂರ್ವಕ್ಕೆ ಕಂಡುದು ಕರಿಗಲ್ಲಿನ ನಾಡು! ಯಾವುದೋ ಕಾಲದ ಜ್ವಾಲಾಮುಖಿಗಳ ಲಾವಾ ಹರಿದು ಆರಿ, ಸುಟ್ಟ ಹೆಂಚಿನಂತೆ ಬಿದ್ದಿದೆ. ನಡುನಡುವೆ ಮಾತ್ರ ಒಣಗಿದ ಕೆರೆಯಂಗಳದಂತಹ ಬಿಳಿಯ ಬಯಲು. ಅದನ್ನು ದಾಟಿದ ಮೇಲೆ ಕಂದುಬಣ್ಣವೊಂದೇ. ನೇಗಿಲಿನ ಸಾಲು ನಮ್ಮ ಕಣ್ಣಿಗೆ ಬೀಳಲಿಲ್ಲ. ಅರ್ಧ ತಾಸಿನ ಹೊತ್ತಿಗೆ ಹೆಂಗಸರು ಕೆಳಗಿಳಿದು ಹೋದರು, ಚಹ ಬಂದಿತು, ಹೊರಗೆ ಮಳೆ ಹೊಯ್ಯುತ್ತಿತ್ತು.

ಒಂದೂವರೆ ತಾಸು ಕಳೆಯಿತು, ಐದು ನಿಮಿಷವೂ ಕಳೆಯಿತು, ರುತ್ಬಾ ಇಲ್ಲ. ಇನ್ನೈದು ನಿಮಿಷ ನೋಡಿದೆವು. ಎಲ್ಲಿ ನೋಡಿದರೂ ಅದೇ ನೆಲ. ಕುರ್ಚಿಯಲ್ಲಿ ಸುಖವಾಗಿ ಕುಳಿತವರಿಗೆ ಎದೆ ಹೊಡೆದುಕೊಂಡಿತೆಂದರೆ ನಂಬುವುದು ಕಷ್ಟ, ಆದರೆ ನಮಗೆ ಹೊಡೆದುಕೊಂಡಿತು. “ಕಾಕಾ, ಗಾಳಿ ಹಿಡದಿಲ್ಲ ನಾವು ಲೆಕ್ಕಕ್ಕ,” ಎಂದನು ಹುಡುಗ. ನಿಜವೇ. ಉತ್ತರದಿಂದ ತಾಸಿಗೆ ೨೪ ಕಿಲೋಮೀಟರಿನ ಸಣ್ಣ ಗಾಳಿ. ನಮ್ಮ ಪೇಟೆಯಲ್ಲಾದರೆ ಕೊಡೆಯೂ ಮಗುಚದು. ಆದರೆ ಅಷ್ಟೇ ಗಾಳಿ ವಿಮಾನವನ್ನು ಐದು ಅಂಶ ಪಕ್ಕಕ್ಕೆ ತಳ್ಳಿತ್ತು. ಅರವತ್ತು ಮೈಲಿಗೆ ಒಂದು ಅಂಶ ತಪ್ಪಿದರೆ ಒಂದು ಮೈಲಿ ದೂರವಾಗುವುದೆಂಬುದು ವೈಮಾನಿಕರ ಬಾಯಿಲೆಕ್ಕ; ಆ ಪ್ರಕಾರ ನಾವು ರುತ್ಬಾದಿಂದ ದಕ್ಷಿಣಕ್ಕೆ ೩೫ ಕಿಲೋಮೀಟರು ಸರಿದುಹೋಗಿದ್ದೆವು. ಉತ್ತರಕ್ಕೆ ಹೊರಳಿ ಎಂಟು-ಹತ್ತು ನಿಮಿಷ ಹೋದ ಮೇಲೆ ದಾರದಂತಹ ಒಂದು ಗೆರೆ ಕಂಡಿತು. ಅದು ಬಾಗ್ದಾದಿನ ಹೆದ್ದಾರಿ. ಇಂದು ಆ ಹೆದ್ದಾರಿಯುಂಟು. ಅಂದು ಅದಿಲ್ಲದೆ, ನೇಗಿಲಿನ ಗೆರೆಯೊಂದನ್ನೇ ನಂಬಿ ಹಾರಿದವರ ಪಾಡನ್ನು ನೆನೆದು ನಾವು ಹುಡುಗನಿಗೆ ಆಟವೆಂದು ಹೀಯಾಳಿಸುವುದನ್ನು ನಿಲ್ಲಿಸಿದೆವು.

ಎರಡನೆಯ ರವಿವಾರ ಬಾಗ್ದಾದು, ಬಸ್ರಾ, ಬಹರೈನುಗಳನ್ನು ಬೇಗಬೇಗನೆ ದಾಟಿ ಕೊಲ್ಲಿಯ ಮೇಲೆ ಶಾರ್ಜಾದತ್ತ ನಡೆದೆವು. ಆಗ ನಮ್ಮ ಸೋದರತ್ತೆ ಮೆಟ್ಟಿಲೇರಿ ಬಂದು ಕುಳಿತರು. ಅವರ ಮಗನು ಶಾರ್ಜಾದ ಒಂದು ಗೋದಾಮಿನಲ್ಲಿ ಲೆಕ್ಕ ಬರೆಯುತ್ತ ಆರು ವರ್ಷಗಳಾದವು. ಎರಡು ವರ್ಷಕ್ಕೊಮ್ಮೆ ಬರುವನು. ಅತ್ತೆಯವರು ಸಾಂಬ್ರಾ ವಿಮಾನ ನಿಲ್ದಾಣದ ಬಾಗಿಲಿನಾಚೆಗೆ ಹೋದವರಲ್ಲ.

ಹುಡುಗನು ಅವರಿಗೆ ವಿವರಿಸುತ್ತ ನಡೆದನು. ೧೯೩೨ರಲ್ಲಿ ಶಾರ್ಜಾದಲ್ಲಿ ವಿಮಾನವಿಳಿದಾಗ ಅಲ್ಲಿದ್ದುದು ಮರಳು, ಒಂದು ಚಿಕ್ಕ ಬಂದರು. ಪ್ರಯಾಣಿಕರು ರಾತ್ರಿ ತಂಗಲೆಂದು ಕಾವಲಿನ ಕೋಟೆಯಂತಹ ಒಂದು ವಿಶ್ರಾಂತಿಗೃಹವನ್ನು ಕಟ್ಟಿದರು. ಅದು ಈಗ ಮಹತ್ತಾ ವಸ್ತುಸಂಗ್ರಹಾಲಯವಾಗಿದೆ. ವಿಮಾನಗಳು ಓಡುತ್ತಿದ್ದ ನೆಲವೇ ಇಂದಿನ ಕಿಂಗ್ ಅಬ್ದುಲ್ ಅಜೀಜ್ ಬೀದಿ. ಊರು ಬೆಳೆದುದರಿಂದ ೧೯೭೭ರಲ್ಲಿ ನಿಲ್ದಾಣವು ದೂರಕ್ಕೆ ಹೋಯಿತು. ನೇರವಾದ ಆ ಬೀದಿಯ ಮೇಲೆ ಎರಡು ಸುತ್ತು ಹಾಕಿದೆವು.

ಅತ್ತೆ ಕನ್ನಡಕವನ್ನೊರಸಿಕೊಂಡು ಪರದೆಗೆ ಹತ್ತಿರವಾದರು. “ಇದರಾಗ ನಮ್ಮ ಹುಡುಗನ ಮನಿ ಯಾವುದಪಾ? ಅವ ನಾಕನೇ ಅಂತಸ್ತಿನ್ಯಾಗ ಇರತಾನ. ಕಿಡಕಿಗೆ ಹಸಿರ ಪರದೆ ಹಾಕ್ಯಾನಂತ.”

ಹುಡುಗನು ನಮ್ಮ ಮುಖ ನೋಡಿದನು. ಇದೇ ಈ ಯಂತ್ರದ ಗುಟ್ಟು. ನೆಲದ ಚಿತ್ರ ನಿಜ, ಬೆಟ್ಟದ ಎತ್ತರ ನಿಜ. ಆದರೆ ಕೆಲವು ಊರುಗಳನ್ನು ಬಿಟ್ಟರೆ ಮಿಕ್ಕೆಡೆ ಕಟ್ಟಡಗಳು ಯಂತ್ರದ ಊಹೆ. ಮೇಲಿನಿಂದ ಕಂಡ ಮಾಳಿಗೆಯ ಆಕಾರವನ್ನು ನೋಡಿ, ಅದರ ಮೇಲೆ ತನಗೆ ತೋಚಿದ ಗೋಡೆ, ತನಗೆ ತೋಚಿದ ಕಿಟಕಿಗಳನ್ನು ಅದು ನಿಲ್ಲಿಸುವುದು. ಏನೂ ಇಲ್ಲದ ಮರುಭೂಮಿಯಲ್ಲಿ ಅದರ ಮಾತನ್ನು ನಂಬಬಹುದು. ಜನರಿರುವ ಕಡೆ ಅದಕ್ಕೆ ಸುಳ್ಳು ಹೇಳದೆ ಗತ್ಯಂತರವಿಲ್ಲ. ಯಾವುದಾದರೊಂದು ಕಿಟಕಿಯನ್ನು ತೋರಿಸಿ ಮುದುಕಿಯನ್ನು ಸಂತೋಷಪಡಿಸೋಣವೇ ಎಂದು ಒಂದು ಕ್ಷಣ ನಮ್ಮ ಮನಸ್ಸು ತೂಗಾಡಿತು.

“ಇವು ಖರೇ ಮನಿ ಅಲ್ಲ ಅತ್ತಿ,” ಎಂದೆವು. “ಮಿಷನ್ ತಾನ ಮಾಡಿದ್ದು.”

ಅತ್ತೆ ಸ್ವಲ್ಪ ಹೊತ್ತು ಸುಮ್ಮನಿದ್ದರು. “ಹಂಗಾದ್ರ ಇದರಾಗ ಖರೇ ಏನದ?” ಎಂದು ಕೇಳಿದರು.

“ನೆಲಾ ಖರೇ, ಅಜ್ಜಿ. ಗಾಳಿ ಖರೇ. ಬಿಸಲೂ ಖರೇ,” ಎಂದನು ಹುಡುಗ.

ಮೂರನೆಯ ರವಿವಾರ ಕರಾಚಿಗೆ ಹೊರಟೆವು. ಓಮಾನ್ ಕೊಲ್ಲಿಯ ನೀರು ಸೀಸದಂತೆ ಹೊಳೆಯುತ್ತಿತ್ತು. ೧೯೪೦ರ ಮಾರ್ಚ್ ೧ರಂದು ಇದರ ಮೇಲೆಯೇ ‘ಹ್ಯಾನಿಬಲ್’ ಎಂಬ ಭಾರಿ ವಿಮಾನವು, ಜೀವಾನಿಯಿಂದ ಶಾರ್ಜಾಕ್ಕೆ ಬರುತ್ತಿರುವಾಗ, ಎಂಟು ಜನರೊಡನೆ ಕಾಣೆಯಾಯಿತು. ಅದರಲ್ಲಿದ್ದವರಲ್ಲೊಬ್ಬರು ಮದರಾಸಿನ ಜಸ್ಟಿಸ್ ಪಕ್ಷದ ಮುಖಂಡರಾದ ಸರ್ ಎ. ಟಿ. ಪನ್ನೀರ್‌ಸೆಲ್ವಂ. ಕಾರಣವು ಇಂದಿಗೂ ತಿಳಿಯಲಿಲ್ಲ. ನಾವು ನೀರನ್ನೇ ನೋಡುತ್ತ ಮಾತಿಲ್ಲದೆ ಸಾಗಿದೆವು. ನಮ್ಮ ವಿಮಾನ ಬಿದ್ದರೆ ಗುಂಡಿಯೊಂದನ್ನೊತ್ತಿ ಮತ್ತೆ ಹಾರಬಹುದೆಂಬುದು ಆ ಹೊತ್ತಿನಲ್ಲಿ ನಾಚಿಕೆಯ ವಿಷಯವಾಗಿ ತೋರಿತು.

ಕರಾಚಿಯಲ್ಲಿಳಿದ ಮೇಲೆ ಹುಡುಗನ ಆಸೆ ಬೇರೆ. ೧೯೩೨ರ ಅಕ್ಟೋಬರ್ ೧೫ರಂದು ಜೆ. ಆರ್. ಡಿ. ಟಾಟಾ ಅವರು ಚಿಕ್ಕ ಪಸ್ ಮಾತ್ ವಿಮಾನದಲ್ಲಿ ಟಪಾಲನ್ನು ಕರಾಚಿಯಿಂದ ಅಹಮದಾಬಾದಿನ ಮೇಲೆ ಮುಂಬಯಿಗೆ ತಂದರು; ಅಲ್ಲಿಂದ ನೆವಿಲ್ ವಿನ್ಸೆಂಟ್ ಅದನ್ನು ಬಳ್ಳಾರಿಯ ಮೇಲೆ ಮದರಾಸಿಗೆ ಒಯ್ದರು. ಮರುಭೂಮಿಯನ್ನು ದಾಟಿಬಂದ ವಿಲಾಯತಿಯ ಕಾಗದಗಳು ಹೀಗೆ ನಮ್ಮ ಬಳ್ಳಾರಿಯನ್ನು ಕಂಡವು. ಮುಂದಿನ ರವಿವಾರ ಬಳ್ಳಾರಿಯೇ ಎಂದು ಅವನು ನಿಶ್ಚಯಿಸಿದನು.

ಅತ್ತೆಯವರಿಗೆ ಬಳ್ಳಾರಿ ಬೇಡ. ಈಗ ಅವರು ದಿನವೂ ಮೂರು ಗಂಟೆಯ ಹೊತ್ತಿಗೆ, ದೇವರ ಹೂವಿನ ಬುಟ್ಟಿಯನ್ನು ಕೆಳಗಿಟ್ಟು, ಮಾಳಿಗೆ ಹತ್ತಿ ಬರುವರು. “ಶಾರ್ಜಾ ಹಚ್ಚಪಾ,” ಎನ್ನುವರು. ಹುಡುಗನು ವಿಮಾನವನ್ನು ಅಲ್ಲಿಯ ನಿಲ್ದಾಣದಲ್ಲಿ ನಿಲ್ಲಿಸಿ, ಹೊರಗಿನ ಬಿಸಿಲಿನ ಅಂಕೆಯನ್ನು ಓದಿ ಹೇಳುವನು. ಮೊನ್ನೆ ನಲವತ್ತೊಂದು ಇದ್ದಿತು. ಮಳೆಯ ಸದ್ದಿನಲ್ಲಿ ಕೇಳಿಸದೆಂದು ಅತ್ತೆ ಫೋನಿಗೆ ಬಾಯಿ ಹಚ್ಚಿ ಕೂಗಿ ಹೇಳಿದರು: “ನಲವತ್ತೊಂದ ಅದ ಅಲ್ಲೆ. ಟೊಪ್ಪಿಗಿ ಹಾಕ್ಕೊಂಡು ಹೋಗು.”