ಏಳು ನೂರರ ಲೆಕ್ಕ

ಹಳಿಯಾಳದ ವಿಶ್ವನಾಥರಾವ ದೇಶಪಾಂಡೆ ತಾಂತ್ರಿಕ ವಿದ್ಯಾಲಯದಂಥಲ್ಲಿ ಓದುವ ಮಗನು ಮೈಕ್ರೋಸಾಫ್ಟ್ ಪರೀಕ್ಷೆಯಲ್ಲಿ ಸಾವಿರಕ್ಕೆ ೬೮೦ ಪಡೆದು ಅನುತ್ತೀರ್ಣನಾದನೆನ್ನಿರಿ. 'ನೂರಕ್ಕೆ ೬೮ ಬಂದರೂ ನಪಾಸೇ?' ಎಂದು ದಾಂಡೇಲಿಯ ತಂದೆಯು ಸಿಟ್ಟಾಗುವದು ಸಹಜವೇ. ಆದರೆ ೬೮೦ ಎಂಬುದು ಶೇಕಡಾ ಲೆಕ್ಕವಲ್ಲ. ಎಲ್ಲರಿಗೂ ಒಂದೇ ಪ್ರಶ್ನೆಪತ್ರಿಕೆ ಬರುವದಿಲ್ಲ. ಒಬ್ಬನದು ತುಸು ಕಠಿಣ, ಇನ್ನೊಬ್ಬನದು ಸುಲಭ. ಕಠಿಣವಾದುದಕ್ಕೆ ಕಡಿಮೆ, ಸುಲಭವಾದುದಕ್ಕೆ ಹೆಚ್ಚು ಸರಿಯುತ್ತರಗಳನ್ನು ತಜ್ಞರು ಗೊತ್ತುಪಡಿಸಿ, ಎರಡನ್ನೂ ೭೦೦ ಎಂಬ ಒಂದೇ ಗೆರೆಗೆ ತರುವರು. ಊರೂರಿನ ಬೇರೆ ಬೇರೆ ಸೇರುಗಳನ್ನು ಒಂದೇ ಅಳತೆಗೆ ಇಳಿಸಿದಂತೆ. ಅಮೆಜಾನ್‌ದವರ ಮಾಪನವಂತೂ ೧೦೦ರಿಂದಲೇ ಆರಂಭ. ಏನೂ ಬಾರದವನಿಗೂ ನೂರು! ಮೈಕ್ರೋಸಾಫ್ಟ್‌ದವರಲ್ಲಿ ಮೊದಲ ಸಲ ತಪ್ಪಿದವನು ೨೪ ತಾಸುಗಳ ಮೇಲೆ ಮತ್ತೆ ಕೂಡಬಹುದು. ಶುಲ್ಕವನ್ನು ಮಾತ್ರ ಹೊಸದಾಗಿ ತೆರಬೇಕು. ಹಣ ಕಟ್ಟುವ ಮುಂಚೆ, ಮಗನು ಯಾವ ವಿಷಯದಲ್ಲಿ ಹಿಂದೆ ಬಿದ್ದಿರುವನೆಂದು ಫಲಿತಾಂಶದ ಪತ್ರದಲ್ಲಿ ನೋಡಿಕೊಳ್ಳಿರಿ.